ಮಗುವಿನ ಬಾಯಿಗೆ ಲಾಕ್ ಹಾಕಬೇಡಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಬ್ಬ ತಾಯಿ ನನ್ನನ್ನು ಗುರುತು ಹಿಡಿದು ನಿಲ್ಲಿಸಿದರು. "ಸರ್, ನೀವು ಇಂಜಿನಿಯರಿಂಗ್ ಓದಿದವರಂತೆ. ಮಗನ ಮೊಬೈಲಿಗೆ ಒಳ್ಳೇ ಲಾಕ್ ಯಾವುದು ಹೇಳಿ."

ಯಾಕಮ್ಮಾ ಅಂದೆ. ಒಂಬತ್ತನೇ ಕ್ಲಾಸಿನ ಹುಡುಗ. ಇನ್‌ಸ್ಟಾಗ್ರಾಮ್‌ನಲ್ಲಿ ಪರಿಚಯವಾದ 'ಹುಡುಗಿ' ಫೋಟೊ ಕೇಳಿದ್ದಾಳೆ. ಇವನು ಕಳಿಸಿದ್ದಾನೆ. ಮರುದಿನವೇ ಬೆದರಿಕೆ: ದುಡ್ಡು ಕೊಡು, ಇಲ್ಲಾಂದ್ರೆ ಕ್ಲಾಸಿನವರಿಗೆಲ್ಲ ಕಳಿಸ್ತೀನಿ. ಎರಡು ವಾರ ಹುಡುಗ ಸರಿಯಾಗಿ ನಿದ್ದೆ ಮಾಡಿಲ್ಲ. ವಿಷಯ ಗೊತ್ತಾದ ದಿನ ತಾಯಿ ಬೈದರು, ಫೋನ್ ಕಿತ್ಕೊಂಡರು, ಚಾಟೆಲ್ಲ ಅಳಿಸಿದರು.

ಅಳಿಸಿದ್ದು ಸಾಕ್ಷಿಯನ್ನು!

ಈ ದಂಧೆ ನಡೆಯೋದೇ ಒಂದು ಲೆಕ್ಕದ ಮೇಲೆ. ಮಗು ಮನೇಲಿ ಹೇಳಲ್ಲ ಅನ್ನೋ ಲೆಕ್ಕ. ಯಾಕೆ ಹೇಳಲ್ಲ? ಹೇಳಿದರೆ ಮೊದಲು ಹೋಗೋದು ತನ್ನ ಫೋನೇ ಅಂತ ಅದಕ್ಕೆ ಗೊತ್ತು. ಈಗಂತೂ ಮಗು ಫೋಟೊ ಕಳಿಸಲೇಬೇಕಿಲ್ಲ, ಡಿಪಿಯಲ್ಲಿರೋ ಮುಖವನ್ನೇ ಎಐ ಬಳಸಿ ತಿರುಚುತ್ತಾರೆ.

ಹಾಗಾದ್ರೆ ಏನು ಮಾಡಬೇಕು? ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳ್ತಾರೆ. ಚಾಟ್, ಖಾತೆಯ ಹೆಸರು, ದುಡ್ಡು ಕೇಳಿದ ಯುಪಿಐ ಐಡಿ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. 1930ಕ್ಕೆ ಫೋನ್ ಮಾಡಿ, ಇಲ್ಲವೇ ನಗರದ ಸೆನ್ ಪೊಲೀಸ್ ಠಾಣೆಗೆ ಹೋಗಿ. ಮಕ್ಕಳೇ ಮಾತಾಡೋದಾದರೆ 1098.

ಪೊಲೀಸ್ ಅಂದ್ರೆ ಮರ್ಯಾದೆ ಹೋಗುತ್ತೆ ಅಂತ ಹೆದರಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆ ಪಡೆಯುವ ಅಧಿಕಾರಿ ಯೂನಿಫಾರ್ಮ್‌ನಲ್ಲಿ ಇರುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಮಗುವಿನ ಹೆಸರು, ಫೋಟೊ, ವಿಳಾಸ ಹಾಕೋದಕ್ಕೆ ನಮ್ಮಂಥ ಚಾನೆಲ್‌ಗಳಿಗೂ ಅವಕಾಶವಿಲ್ಲ.

ಫೋಟೊ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನೋ ಉಚಿತ ಸೇವೆ ಇದೆ, 18 ತುಂಬುವ ಮೊದಲು ತೆಗೆದ ಚಿತ್ರಗಳಿಗೆ. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗಲ್ಲ. ಅದರಿಂದ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ತಯಾರಾಗಿ ಹೋಗುತ್ತೆ. ಇದಕ್ಕೆ ಕೈಜೋಡಿಸಿರೋ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ತಾಣಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಲಾಕ್ ಬೇಡ ಅಂತಿಲ್ಲ. ಫ್ಯಾಮಿಲಿ ಲಿಂಕ್ ಹಾಕಿ, ರಾತ್ರಿ ಫೋನನ್ನು ಹಾಲ್‌ನಲ್ಲೇ ಚಾರ್ಜಿಗಿಡಿ. ಆದರೆ ಇವತ್ತು ಊಟಕ್ಕೆ ಕೂತಾಗ ಮಗುವಿಗೆ ಒಂದು ಮಾತು ಕೊಡಿ: "ಏನೇ ಆದ್ರೂ ನನ್ನ ಹತ್ರ ಹೇಳು ಕಂದಾ, ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ."

ಆ ತಾಯಿಗೂ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಕೆರೆ ಕಡೆ ನೋಡ್ತಾ ನಿಂತರು. "ಫೋನ್ ವಾಪಸ್ ಕೊಟ್ಟೆ ಸರ್," ಅಂದರು, "ಅವನು ಮಾತ್ರ ಇನ್ನೂ ನನ್ನ ಜೊತೆ ಮಾತಾಡ್ತಿಲ್ಲ."