ಉಬ್ಬಸ ರೋಗಿಯ ಶುಶ್ರೂಷೆ

ಮನುಷ್ಯನು ಹಗಲಿರುಳೆನ್ನದೆ ಎಡೆಬಿಡದೆ ನಡೆಸುವ ಕೆಲಸಗಳಲ್ಲಿ ಉಸಿರಾಟವೂ ಒಂದು. ವಯಸ್ಕರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ೧೨ರಿಂದ ೨೦ ಸಾರಿ ಉಸಿರಾಡುತ್ತಾರೆ. ಆರೋಗ್ಯವಂತರಿಗೆ ಇದರ ಅರಿವೇ ಇರುವುದಿಲ್ಲ. ಉಬ್ಬಸದವರಿಗಾದರೋ ಒಂದೊಂದು ಉಸಿರೂ ಒಂದೊಂದು ದುಡಿಮೆ. ಉಬ್ಬಸ, ಗೂರಲು, ದಮ್ಮು ಎಂದು ನಮ್ಮ ಜನರು ನಾನಾ ಹೆಸರುಗಳಿಂದ ಕರೆಯುವ ಈ ವ್ಯಾಧಿಗೆ ಔಷಧವನ್ನು ಗೊತ್ತುಮಾಡತಕ್ಕವರು ವೈದ್ಯರು. ಆದರೆ ನಡುರಾತ್ರಿಯಲ್ಲಿ ರೋಗಿಯು ಎದ್ದು ಕುಳಿತಾಗ ಪಕ್ಕದಲ್ಲಿರುವವರು ವೈದ್ಯರಲ್ಲ, ಮನೆಯವರು. ಆದಕಾರಣ ಮನೆಯವರು ಅರಿತಿರಬೇಕಾದ ಶುಶ್ರೂಷಾಕ್ರಮವನ್ನು ಕುರಿತು ಕೆಲವು ಮಾತುಗಳನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ರೋಗಿಯು ಗಾಳಿಗಾಗಿ ಹಂಬಲಿಸುವುದನ್ನು ಕಂಡವರು, ಗಾಳಿಯು ಒಳಕ್ಕೆ ಹೋಗುತ್ತಿಲ್ಲವೆಂದು ಭಾವಿಸುವುದು ಸಹಜ. ನಿಜವಾದ ತೊಡಕು ಬಹುಮಟ್ಟಿಗೆ ಹೊರಕ್ಕೆ ಬಿಡುವುದರಲ್ಲಿದೆ. ಆಸ್ತಮಾದಲ್ಲಿ ಶ್ವಾಸನಾಳಗಳ ಕವಲುಗಳ ಒಳಪೊರೆಯು ಬಾತು, ಸುತ್ತಣ ಸ್ನಾಯುಗಳು ಬಿಗಿದು, ಕಫವು ತುಂಬಿ ದಾರಿಯು ಕಿರಿದಾಗುತ್ತದೆ. ಉಸಿರೆಳೆಯುವಾಗ ಎದೆಯು ಅರಳುವುದರಿಂದ ನಾಳಗಳೂ ಕೊಂಚ ಅಗಲವಾಗುತ್ತವೆ. ಬಿಡುವಾಗ ಪುನಃ ಕಿರಿದಾಗುತ್ತವೆ. ಹಳೆಯ ಗಾಳಿಯು ಹೊರಡುವುದಕ್ಕೆ ಮುನ್ನವೇ ಹೊಸ ಉಸಿರು ಬಂದು ಸೇರುವುದರಿಂದ ಎದೆಯು ತುಂಬಿಕೊಂಡೇ ನಿಲ್ಲುತ್ತದೆ. ಆಸ್ತಮಾದ ಈ ಬಿಗಿತವು ಔಷಧದಿಂದ ಸಾಮಾನ್ಯವಾಗಿ ಸಡಿಲುತ್ತದೆ.

ವೈದ್ಯರು ಸಿ.ಓ.ಪಿ.ಡಿ. ಎಂದು ಕರೆಯುವ ಇನ್ನೊಂದು ವ್ಯಾಧಿಯುಂಟು. ಅದರಲ್ಲಿ ಶ್ವಾಸನಾಳಗಳು ಕೆಡುವುದಲ್ಲದೆ, ಶ್ವಾಸಕೋಶದ ಗಾಳಿಗೂಡುಗಳ ಗೋಡೆಗಳೂ ಹಾಳಾಗಿರಬಹುದು. ಆ ಹಾನಿಯು ಹಿಂತಿರುಗದು. ಬೀಡಿ ಸಿಗರೇಟುಗಳು ಇದಕ್ಕೆ ಮುಖ್ಯ ಕಾರಣವಾದರೂ, ಹೊಗೆಸೊಪ್ಪನ್ನು ಮುಟ್ಟದೆ, ಹತ್ತಾರು ವರ್ಷ ಸೌದೆಯ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತ ತಾಯಂದಿರಿಗೂ ಇದು ಬರುವುದುಂಟು. ಎರಡು ವ್ಯಾಧಿಗಳಲ್ಲಿಯೂ ಶುಶ್ರೂಷೆಯ ಮೂಲಸೂತ್ರವು ಒಂದೇ: ಉಸಿರು ಬಿಡುವುದಕ್ಕೆ ರೋಗಿಗೆ ಅವಕಾಶವನ್ನೂ ಕಾಲವನ್ನೂ ಒದಗಿಸಿಕೊಡತಕ್ಕದ್ದು.

ಉಬ್ಬಸವು ಕೆರಳಿದಾಗ ರೋಗಿಯನ್ನು ಮಲಗಿಸಕೂಡದು. ಕುರ್ಚಿಯಲ್ಲಾಗಲಿ ಮಂಚದ ಅಂಚಿನಲ್ಲಾಗಲಿ ಕುಳ್ಳಿರಿಸಿ, ಮುಂದೆ ಮೇಜಿನ ಮೇಲೆ ದಿಂಬನ್ನಿಟ್ಟು, ಮೊಳಕೈಗಳನ್ನು ಅದರ ಮೇಲೆ ಊರಿ ಕೊಂಚ ಮುಂದಕ್ಕೆ ಬಾಗುವಂತೆ ಮಾಡಬೇಕು. ಕೊರಳ ಗುಂಡಿಯನ್ನೂ ಸೊಂಟದ ಬಿಗಿಯನ್ನೂ ಸಡಿಲಿಸಬೇಕು. ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿಯನ್ನು ಆರಿಸುವಾಗ ಊದುವಂತೆ ತುಟಿಗಳನ್ನು ಕಿರಿದುಮಾಡಿ ಮೆಲ್ಲನೆ ಬಿಡುವುದನ್ನು ರೋಗಿಗೆ ಮೊದಲೇ ಅಭ್ಯಾಸಮಾಡಿಸಿರುವುದು ಒಳ್ಳೆಯದು, ಸಿ.ಓ.ಪಿ.ಡಿ. ಇರುವವರಿಗೆ ಇದು ವಿಶೇಷವಾಗಿ ಉಪಕಾರಿ. ಮಂಚದ ಸುತ್ತ ಜನರು ಮುತ್ತಿಕೊಳ್ಳಬಾರದು. ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆಗಳನ್ನೇ ಕೇಳಬೇಕು. ಭೀತಿಯಿಂದ ಉಸಿರಾಟವು ತ್ವರೆಗೊಳ್ಳುತ್ತದೆ. ತ್ವರೆಯಿಂದ ಉಸಿರು ಬಿಡುವ ಕಾಲವು ಇನ್ನಷ್ಟು ಮೊಟಕಾಗುತ್ತದೆ. ಆದುದರಿಂದ ಪಕ್ಕದಲ್ಲಿರುವವರ ಶಾಂತತೆಯೂ ಚಿಕಿತ್ಸೆಯ ಒಂದು ಭಾಗವೇ ಸರಿ.

ಇನ್ನು ಸೇದುವ ಔಷಧದ ವಿಚಾರ. ಅಳತೆಯಂತೆ ಔಷಧವನ್ನು ಚಿಮ್ಮಿಸುವ ಇನ್‌ಹೇಲರ್ ೧೯೫೬ರಲ್ಲಿ ಬಳಕೆಗೆ ಬಂದಿತು. ಇದು ಕೊನೆಯ ಔಷಧವೆಂದೂ, ಒಮ್ಮೆ ಹಿಡಿದರೆ ಚಟವಾಗುವುದೆಂದೂ ಅನೇಕ ವಿದ್ಯಾವಂತರೇ ಅಂಜುವರು. ಈ ಅಂಜಿಕೆಯು ನಿರಾಧಾರವಾದುದು. ಔಷಧವು ನೇರವಾಗಿ ಶ್ವಾಸನಾಳಕ್ಕೆ ತಲಪುವುದರಿಂದ ಮಾತ್ರೆಗಿಂತ ಬಹಳ ಸ್ವಲ್ಪವೇ ಸಾಕಾಗುತ್ತದೆ. ಸಾಮಾನ್ಯವಾಗಿ ಇದರಲ್ಲಿ ಎರಡು ಬಗೆ: ಬಿಗಿದ ಸ್ನಾಯುವನ್ನು ಕೂಡಲೇ ಸಡಿಲಿಸುವುದೊಂದು, ಒಳಗಣ ಬಾವನ್ನು ದಿನದಿನವೂ ತಗ್ಗಿಸುವುದಿನ್ನೊಂದು. ಎರಡನ್ನೂ ಕೂಡಿಸಿದ ಇನ್‌ಹೇಲರುಗಳೂ ಉಂಟು. ಆಸ್ತಮಾದಲ್ಲಿ ಮೊದಲನೆಯದನ್ನೇ ನೆಚ್ಚಿಕೊಂಡು ಎರಡನೆಯದನ್ನು ಬಿಡುವುದು ಅಪಾಯಕರ. ಮೇಲಣ ಸುಖವು ದೊರೆಯುತ್ತಿರುವಾಗಲೇ ಒಳಗೆ ಬಾವು ಬೆಳೆಯುತ್ತಿರುತ್ತದೆ. ಸ್ಪೇಸರ್ ಎಂಬ ಕೊಳವೆಡಬ್ಬಿಯನ್ನು ಸೇರಿಸಿ ಸೇದಿದರೆ ಔಷಧವು ಗಂಟಲಲ್ಲಿ ನಿಲ್ಲದೆ ಒಳಕ್ಕಿಳಿಯುತ್ತದೆ. ಬಾವು ತಗ್ಗಿಸುವ ಸ್ಟೆರಾಯ್ಡ್ ಔಷಧವನ್ನು ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳತಕ್ಕದ್ದು. ಇಲ್ಲವಾದರೆ ಬಾಯಲ್ಲಿ ಬಿಳಿಯ ಬೂಷ್ಟು ಹಿಡಿಯಬಹುದು. ಉಬ್ಬಸವು ಕೆರಳಿದಾಗ ಯಾವ ಔಷಧವನ್ನು ಎಷ್ಟು ಸಾರಿ ಕೊಡಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಯಿಸಿ ಗೋಡೆಗೆ ಅಂಟಿಸಿಟ್ಟಿರಬೇಕು.

ಈಗ ನಮ್ಮ ಮಾತಿನ ಅತಿ ಮುಖ್ಯವಾದ ಭಾಗಕ್ಕೆ ಬಂದಿದ್ದೇವೆ. ರೋಗಿಯು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರದಿದ್ದರೆ, ಪಕ್ಕೆಲುಬುಗಳ ನಡುವಣ ಚರ್ಮವು ಒಳಕ್ಕೆ ಎಳೆಯುತ್ತಿದ್ದರೆ, ನಾಲಗೆ ತುಟಿಗಳು ನೀಲಿಗಟ್ಟಿದರೆ, ಔಷಧವನ್ನು ಕೊಟ್ಟರೂ ಗುಣ ಕಾಣದಿದ್ದರೆ ತಡಮಾಡದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಇವು ಎಲ್ಲರ ಕಣ್ಣಿಗೂ ಬೀಳುವ ಗುರುತುಗಳು. ಕಣ್ಣಿಗೆ ಬಿದ್ದರೂ ಮೋಸಗೊಳಿಸುವ ಗುರುತುಗಳು ಎರಡುಂಟು. ಎದೆಯಲ್ಲಿ ಕೇಳುತ್ತಿದ್ದ ಸುಯ್ಯೆಂಬ ಸದ್ದು ನಿಂತಿತೆಂದು ಮನೆಯವರು ಸಮಾಧಾನಪಡುವುದುಂಟು. ರೋಗಿಯು ಆರಾಮವಾಗಿ ಮಾತಾಡುತ್ತಿದ್ದರೆ ಸಮಾಧಾನವು ಸರಿ. ದಣಿದು ಬಾಡಿದ್ದರೆ, ಸದ್ದು ಮಾಡುವಷ್ಟು ಗಾಳಿಯೂ ಆಡುತ್ತಿಲ್ಲವೆಂದು ಅರ್ಥ. ಅಂತೆಯೇ ರಾತ್ರಿಯೆಲ್ಲ ಒದ್ದಾಡಿದವರು ಬೆಳಗಿನ ಜಾವ ಕಣ್ಣು ಮುಚ್ಚಿದರೆ, ಸದ್ಯ, ನಿದ್ರೆ ಹತ್ತಿತು ಎಂದು ದೀಪವಾರಿಸಿ ಬಾಗಿಲೆಳೆದು ಹೋಗುವುದು ವಾಡಿಕೆ. ಅದು ನಿದ್ರೆಯಾಗಿರಬಹುದು, ರಕ್ತದಲ್ಲಿ ಇಂಗಾಲಾಮ್ಲವು ಹೆಚ್ಚಿದುದರಿಂದ ಕವಿದ ಮಂಪರೂ ಆಗಿರಬಹುದು. ಮೆಲ್ಲನೆ ಎಬ್ಬಿಸಿ ಮಾತಾಡಿಸಿ ನೋಡಬೇಕು. ಎಚ್ಚತ್ತು ಸರಿಯಾಗಿ ಉತ್ತರ ಕೊಟ್ಟರೆ ಸಂತೋಷ. ತೊದಲಿದರೆ, ಗೊಂದಲಗೊಂಡರೆ, ಪುನಃ ಪುನಃ ಕಣ್ಣು ಮುಚ್ಚಿದರೆ ಬೆಳಗಾಗುವವರೆಗೆ ಕಾಯಕೂಡದು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಆಮ್ಲಜನಕವನ್ನು ತೋರಿಸುವುದೇ ಹೊರತು ಇಂಗಾಲಾಮ್ಲವನ್ನು ತೋರಿಸದು. ಅಂಕಿಯು ಚೆನ್ನಾಗಿದೆಯೆಂದು ಮಂಪರನ್ನು ಕಡೆಗಣಿಸಬಾರದು.

ಆಮ್ಲಜನಕವೂ ಒಂದು ಔಷಧವೇ, ಅದಕ್ಕೂ ಅಳತೆಯುಂಟು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸಿ.ಓ.ಪಿ.ಡಿ. ಕೆರಳಿದೆಯೆಂದು ಕಂಡುಬಂದ ೪೦೫ ರೋಗಿಗಳನ್ನು ಆಂಬುಲೆನ್ಸಿನಲ್ಲಿ ಸಾಗಿಸುವಾಗ ಕೆಲವರಿಗೆ ಧಾರಾಳವಾಗಿ, ಕೆಲವರಿಗೆ ಅಳತೆಯಿಟ್ಟು ಆಮ್ಲಜನಕವನ್ನು ಕೊಟ್ಟರು. ಧಾರಾಳವಾಗಿ ಪಡೆದವರಲ್ಲಿ ನೂರಕ್ಕೆ ೯ ಮಂದಿಯೂ, ಅಳತೆಯಾಗಿ ಪಡೆದವರಲ್ಲಿ ನೂರಕ್ಕೆ ೪ ಮಂದಿಯೂ ಮೃತರಾದರು. ಸಿ.ಓ.ಪಿ.ಡಿ. ಇರುವವರಲ್ಲಿ ಆಕ್ಸಿಮೀಟರಿನ ಅಂಕಿಯನ್ನು ಸಾಮಾನ್ಯವಾಗಿ ೮೮ರಿಂದ ೯೨ರೊಳಗೆ ಇರಿಸಲು ವೈದ್ಯರು ಹೇಳುವುದು ಇದರಿಂದಲೇ. ಹಾಗೆಂದು ಕೊಡದೆ ತಡೆಯುವುದೂ ತಪ್ಪು. ಮನೆಯಲ್ಲಿ ಆಮ್ಲಜನಕದ ಯಂತ್ರವಿದ್ದರೆ ಅದರ ತಿರುಪನ್ನು ಕನಿಕರದಿಂದ ಹೆಚ್ಚಿಸದೆ, ವೈದ್ಯರು ಹೇಳಿದಷ್ಟೇ ಇರಿಸತಕ್ಕದ್ದು. ಅದಿರುವ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಬೀಡಿ, ಒಲೆ ಯಾವುದೂ ಇರಕೂಡದು. ಸಣ್ಣ ಕಿಡಿಯೂ ಹೊತ್ತಿ ಉರಿದೀತು.

ಉಬ್ಬಸವು ಶಮನವಾಗಿರುವ ದಿನಗಳಲ್ಲಿಯೂ ಶುಶ್ರೂಷೆಯು ನಿಲ್ಲತಕ್ಕದ್ದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ೧೮೫೯ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಎಲ್ಲಕ್ಕಿಂತ ಮೊದಲು ಹೇಳಿದುದು ಗಾಳಿಯ ವಿಷಯವನ್ನು: ರೋಗಿಗೆ ಚಳಿಯಾಗದಂತೆ ನೋಡಿಕೊಂಡು ಕೋಣೆಯ ಗಾಳಿಯನ್ನು ಶುದ್ಧವಾಗಿಡಬೇಕೆಂದು. ಮೈಸೂರಿನ ಊದುಬತ್ತಿಯು ನಮಗೆಲ್ಲ ಹೆಮ್ಮೆಯ ವಸ್ತುವಾದರೂ ಉಬ್ಬಸದವರ ಕೋಣೆಯಲ್ಲಿ ಅದಕ್ಕೆ ಸ್ಥಳವಿಲ್ಲ. ಸಾಂಬ್ರಾಣಿಗೂ ಸೊಳ್ಳೆಬತ್ತಿಗೂ ಅದೇ ಮಾತು. ಮೆಣಸಿನಕಾಯಿಯ ಒಗ್ಗರಣೆಯ ಘಾಟು ಹೊರಕ್ಕೆ ಹೋಗಲು ದಾರಿಯಿರಬೇಕು. ನೆಲವನ್ನು ಗುಡಿಸಿ ಧೂಳೆಬ್ಬಿಸುವುದಕ್ಕಿಂತ ಒದ್ದೆಯ ಬಟ್ಟೆಯಿಂದ ಒರೆಸುವುದು ಮೇಲು. ಮನೆಯಲ್ಲಿ ಯಾರೂ ಧೂಮಪಾನ ಮಾಡಕೂಡದು.

ತುಂಬಿದ ಹೊಟ್ಟೆಯು ವಪೆಯನ್ನು ಮೇಲಕ್ಕೊತ್ತುವುದರಿಂದ, ಒಂದೇ ಸಲಕ್ಕೆ ಉಣಬಡಿಸದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಾರಿ ಆಹಾರ ಕೊಡಬೇಕು. ಬಾಳೆಹಣ್ಣು, ಮೊಸರುಗಳನ್ನು ಎಲ್ಲ ರೋಗಿಗಳಿಗೂ ನಿಷೇಧಿಸುವುದಕ್ಕೆ ಆಧಾರವಿಲ್ಲ. ಯಾವುದಾದರೂ ಪದಾರ್ಥವು ಈ ರೋಗಿಗೆ ಆಗದೆಂದು ಅನುಭವದಿಂದ ಕಂಡರೆ ಅದೊಂದನ್ನು ಬಿಟ್ಟರೆ ಸಾಕು. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು. ಆಸ್ಪಿರಿನ್ ಮೊದಲಾದುವು ಕೆಲವರ ಆಸ್ತಮಾವನ್ನು ಕೆರಳಿಸುತ್ತವೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ, ನ್ಯುಮೋನಿಯಾ ತಡೆಯುವ ಲಸಿಕೆಯನ್ನೂ ಕುರಿತು ವೈದ್ಯರಲ್ಲಿ ವಿಚಾರಿಸಬೇಕು. ಸ್ನಾನ, ಬಟ್ಟೆ ಉಡುವುದು ಮೊದಲಾದ ಕೆಲಸಗಳನ್ನು ರೋಗಿಯೇ ಕುಳಿತು, ನಡುನಡುವೆ ವಿಶ್ರಮಿಸಿಕೊಂಡು ಮಾಡಲಿ. ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಅವರ ಕೈಕಾಲುಗಳು ಬಲಗುಂದಿ, ಸ್ವಲ್ಪ ನಡೆದರೂ ಏದುಸಿರು ಬರುವಂತಾಗುತ್ತದೆ.

ಇವುಗಳಲ್ಲಿ ಯಾವುದೂ ಹೆಚ್ಚಿನ ಹಣವನ್ನಾಗಲಿ ವಿಶೇಷ ಪಾಂಡಿತ್ಯವನ್ನಾಗಲಿ ಬೇಡುವುದಿಲ್ಲ. ಸಾವಧಾನವಾಗಿ ನೋಡುವ ಕಣ್ಣು, ಅವಸರಪಡದ ಕೈ, ಇವೆರಡಿದ್ದರೆ ಬಹುಪಾಲು ಕೆಲಸವಾಯಿತು. ನಿಮ್ಮ ಮನೆಯಲ್ಲಿ ಉಬ್ಬಸದವರಿದ್ದರೆ ಇಂದು ಒಂದು ಕೆಲಸ ಮಾಡಿರಿ: ಅವರು ಸುಖವಾಗಿರುವಾಗಲೇ ಎಷ್ಟು ದೂರ ನಡೆಯಬಲ್ಲರು, ಎಷ್ಟು ಮಾತನ್ನು ಒಂದು ಉಸಿರಿನಲ್ಲಿ ಆಡಬಲ್ಲರು, ನಿಮಿಷಕ್ಕೆ ಎಷ್ಟು ಸಾರಿ ಉಸಿರಾಡುತ್ತಾರೆ ಎಂಬುದನ್ನು ಗಮನಿಸಿ ಬರೆದಿಡಿರಿ. ಕಷ್ಟದ ರಾತ್ರಿಯಲ್ಲಿ ಇದರೊಡನೆ ಹೋಲಿಸಿ ನೋಡಿದರೆ, ಮನೆಯಲ್ಲಿ ಕಾಯಬಹುದೋ ಹೊರಡಲೇಬೇಕೋ ಎಂಬುದನ್ನು ನಿರ್ಧರಿಸುವುದು ನಿಮಗೆ ಸುಲಭವಾದೀತು.