ಮೀಣ್ಯಂ ದಾರಿಯ ಭಯ

1992ರ ಆಗಸ್ಟ್ 14. ಹನೂರು ಸೀಮೆಯ ಮೀಣ್ಯಂ ಬಳಿಯ ಕಾಡುದಾರಿಯಲ್ಲಿ ಎಸ್.ಪಿ. ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜತೆಗಿದ್ದ ಪೊಲೀಸರು ಕಾಡುಗಳ್ಳ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದರು. ಮಾಹಿತಿದಾರನೊಬ್ಬನ ಮಾತು ನಂಬಿ, ವೇಷ ಮರೆಸಿಕೊಂಡು ವೀರಪ್ಪನ್‌ನನ್ನು ಹಿಡಿಯಲು ಹೊರಟವರು ಅವರು. ಆ ಮಾಹಿತಿದಾರ ಅದಾಗಲೇ ಎದುರಾಳಿಯ ಕೈಗೆ ಸಿಕ್ಕಿಬಿದ್ದಿದ್ದ. ಪೊಲೀಸರು ಯಾರನ್ನು ನಂಬಿದ್ದಾರೆ ಎಂಬುದು ವೀರಪ್ಪನ್‌ಗೆ ತಿಳಿದಾಗಲೇ ಆ ಕಾಳಗದ ಫಲಿತಾಂಶ ಬಹುಮಟ್ಟಿಗೆ ತೀರ್ಮಾನವಾಗಿತ್ತು. ಗುಂಡು ಹಾರಿದ್ದು ಆಮೇಲೆ.

ಸೈನಿಕ ಮನೋವಿಜ್ಞಾನ ಎಂದೊಡನೆ ನಮಗೆ ಸಿಯಾಚಿನ್, ಕಾರ್ಗಿಲ್, ಇಲ್ಲವೇ ಪರದೇಶದ ಮಹಾಯುದ್ಧಗಳು ನೆನಪಾಗುತ್ತವೆ. ಕೊಳ್ಳೇಗಾಲ ಸೀಮೆಯವರು ಅಷ್ಟು ದೂರ ಹೋಗಬೇಕಿಲ್ಲ. ಧನಗೆರೆಯಂಥ ಊರುಗಳಿಂದ ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ, ಪರಸೆ ಹೊರಟವರು ಕಾಮಗೆರೆ, ಹನೂರು, ಕೌದಳ್ಳಿಗಳನ್ನು ಹಾದು ಕಾಡು ಹೊಗುತ್ತಾರಲ್ಲ, ಆ ಕಾಡಿನಲ್ಲೇ ಹದಿಮೂರು ವರ್ಷ ಒಂದು ಯುದ್ಧ ನಡೆಯಿತು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ, ಗಡಿ ಭದ್ರತಾ ಪಡೆ, ನೆಲಬಾಂಬು, ಹೊಂಚುದಾಳಿ, ಬೇಹುಗಾರಿಕೆ, ಅಪಹರಣ ಎಲ್ಲವೂ ಅದರಲ್ಲಿದ್ದವು. ದಾಖಲೆಗಳಲ್ಲಿ ಅದು ಕಾನೂನು ಸುವ್ಯವಸ್ಥೆಯ ಪ್ರಕರಣ. ಆದರೆ ಅಲ್ಲಿ ನಿಂತ ಪೇದೆಯ ಮೈಮನಸ್ಸು ಅನುಭವಿಸಿದ್ದು ಯುದ್ಧವನ್ನೇ. ಸತ್ತವರ, ಸಿಕ್ಕವರ, ಖರ್ಚಾದ ಹಣದ ಲೆಕ್ಕ ಇಡಲಾಯಿತು. ಮನಸ್ಸುಗಳಿಗೆ ಏನಾಯಿತು ಎಂಬ ಲೆಕ್ಕವನ್ನು ಯಾರೂ ಮನಸ್ಸಿಟ್ಟು ಬರೆಯಲಿಲ್ಲ. ಇದು ದೊಡ್ಡ ಲೋಪ ಎಂದು ನಾನು ನಂಬಿದ್ದೇನೆ.

ಮೀಣ್ಯಂಗೂ ಮುಂಚಿನ ಒಂದು ಅಧ್ಯಾಯವಿದೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲೇ ನೆಲೆ ಊರಿದರು. ಕುಡಿಯುವ ನೀರು, ಮನೆ, ಔಷಧ, ಮಾರಿಯಮ್ಮನ ಗುಡಿ ಎಂದು ಊರಿನ ಕೆಲಸಕ್ಕೆ ಕೈಹಾಕಿದರು. ತಂಡದಲ್ಲಿದ್ದ ಹಲವರು ಅವರ ಮಾತಿಗೆ ಬೆಲೆ ಕೊಟ್ಟು ಶರಣಾದರು. 1986ರಲ್ಲಿ ಸೆರೆಸಿಕ್ಕಿದ್ದ ವೀರಪ್ಪನ್ ಬೂದಿಪಡಗದ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡಿದ್ದ. ಅವನನ್ನು ಬಂದೂಕಿನಿಂದ ಹಿಡಿಯುವುದಕ್ಕಿಂತ ಅವನ ಸುತ್ತಲಿನ ಜನರ ಮನಸ್ಸು ಗೆಲ್ಲುವುದು ದೃಢವಾದ ದಾರಿ ಎಂದು ಶ್ರೀನಿವಾಸ್ ಕಂಡುಕೊಂಡಿದ್ದರು. ದಂಗೆ ಅಡಗಿಸುವ ಕುರಿತು ಸೇನಾ ಪಾಠಶಾಲೆಗಳು ಹೇಳಿಕೊಡುವುದೂ ಇದನ್ನೇ. ಎದುರಾಳಿಗೆ ಅನ್ನ, ಸುದ್ದಿ, ಅಡಗುತಾಣ ಮೂರೂ ಜನರಿಂದಲೇ ಸಿಗಬೇಕು. ಜನ ದೂರವಾದರೆ ಅವನು ಒಬ್ಬಂಟಿ.

ವೀರಪ್ಪನ್‌ಗೂ ಇದು ಅರ್ಥವಾಗಿತ್ತು. ಶರಣಾಗುತ್ತೇನೆ, ಆಯುಧವಿಲ್ಲದೆ ಬನ್ನಿ ಎಂಬ ಮಾತನ್ನು ನಂಬಿ ಹೋದ ಶ್ರೀನಿವಾಸ್ 1991ರ ನವೆಂಬರ್ 10ರಂದು ಕೊಲೆಯಾದರು, ಅವರ ತಲೆ ಕಡಿಯಲಾಯಿತು. ಮರಣೋತ್ತರವಾಗಿ ಅವರಿಗೆ ಕೀರ್ತಿ ಚಕ್ರ ಸಂದಿತು. ಆ ಕೊಲೆ ಒಬ್ಬ ಅಧಿಕಾರಿಯ ಸಾವಿಗೆ ನಿಲ್ಲಲಿಲ್ಲ. ನಂಬಿದವನಿಗೆ ಇದೇ ಗತಿ ಎಂಬ ಸಂದೇಶ ಸರ್ಕಾರಿ ನೌಕರರಿಗೂ ಹಳ್ಳಿಯವರಿಗೂ ಒಟ್ಟಿಗೇ ಮುಟ್ಟಿತು. ಮುಂದಿನ ವರ್ಷಗಳಲ್ಲಿ ಎರಡೂ ಕಡೆಯವರು ಮಾಡಿದ ಎಷ್ಟೋ ಕ್ರೌರ್ಯದ ಬೇರು ಅಲ್ಲಿದೆ. ಗೋಪಿನಾಥಂನ ಜನ ಮಾತ್ರ ಶ್ರೀನಿವಾಸರನ್ನು ಇಂದಿಗೂ ತಮ್ಮವರೆಂದೇ ನೆನೆಯುತ್ತಾರೆ.

1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆದು ಐವರು ಪೊಲೀಸರು ಸತ್ತರು, ಠಾಣೆಯ ಆಯುಧಗಳು ಲೂಟಿಯಾದವು. ಆಗಸ್ಟ್‌ನಲ್ಲಿ ಮೀಣ್ಯಂ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು ಪೊಲೀಸರು, ಅರಣ್ಯ ಕಾವಲುಗಾರರು, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಮೇ 24ರಂದು ಮಲೆ ಮಹದೇಶ್ವರ ಬೆಟ್ಟದ ದಾರಿಯ ರಂಗಸ್ವಾಮಿ ಒಡ್ಡಿನಲ್ಲಿ ಮತ್ತೆ ಹೊಂಚುದಾಳಿಯಾಯಿತು. ಆರು ಪೊಲೀಸರು ಸತ್ತರು, ಎಸ್.ಪಿ. ಗೋಪಾಲ್ ಹೊಸೂರ್ ತೀವ್ರವಾಗಿ ಗಾಯಗೊಂಡರು. ಒಂದೇ ವರ್ಷದ ಅಂತರದಲ್ಲಿ ಇಷ್ಟನ್ನು ಕಂಡ ಪಡೆ ಮರುದಿನ ಬೆಳಗ್ಗೆ ಮತ್ತೆ ಕಾಡು ಜಾಲಾಡುವ ಕೂಂಬಿಂಗ್‌ಗೆ ಹೊರಡಬೇಕಿತ್ತು.

ಹೊಂಚುದಾಳಿಯ ಆ ಕೆಲವು ಸೆಕೆಂಡುಗಳಲ್ಲಿ ಮನುಷ್ಯನಿಗೆ ಏನಾಗುತ್ತದೆ? ಅಪಾಯದ ಸುಳಿವು ಸಿಕ್ಕೊಡನೆ, ಯೋಚಿಸುವ ಮೆದುಳು ಚುರುಕಾಗುವ ಮೊದಲೇ, ಅಡ್ರಿನಲಿನ್ ಮೈತುಂಬ ಹರಿಯುತ್ತದೆ. ಎದೆಬಡಿತ ಏರುತ್ತದೆ. ದೃಷ್ಟಿ ಕಿರಿದಾಗಿ ಎದುರಿನದಷ್ಟೇ ಕಾಣುತ್ತದೆ, ಪಕ್ಕದವನ ಕೂಗು ಕಿವಿಗೆ ಬೀಳದೆ ಹೋಗಬಹುದು. ಕೈಬೆರಳ ನಾಜೂಕು ಕೆಟ್ಟು, ದಿನವೂ ಮಾಡುತ್ತಿದ್ದ ಮ್ಯಾಗಜಿನ್ ಬದಲಿಸುವ ಕೆಲಸವೂ ತಡವರಿಸುತ್ತದೆ. ಕಾಲ ನಿಧಾನವಾದಂತೆ ಅನಿಸುತ್ತದೆ. ಕೆಲವರು ಓಡುತ್ತಾರೆ, ಕೆಲವರು ಕಲ್ಲಿನಂತೆ ನಿಂತುಬಿಡುತ್ತಾರೆ. ಇದರಲ್ಲಿ ಹೇಡಿತನವೇನೂ ಇಲ್ಲ, ದೇಹ ತನ್ನನ್ನು ಉಳಿಸಿಕೊಳ್ಳಲು ಹೂಡುವ ಉಪಾಯವದು. ಆದರೆ ಹತ್ತಿರದ ಹೊಂಚುದಾಳಿಗೆ ಸಿಕ್ಕವರು ಬದುಕಬೇಕಾದರೆ ಆ ಉಪಾಯಕ್ಕೆ ವಿರುದ್ಧವಾಗಿ ನಡೆಯಬೇಕು: ಗುಂಡು ಬಂದ ಕಡೆಗೇ ತಿರುಗಿ, ಗುಂಡು ಹಾರಿಸುತ್ತ ನುಗ್ಗಬೇಕು. ಮಿಜೋರಾಂನ ವೈರೆಂಗ್ಟೆಯಲ್ಲಿರುವ ಸೇನೆಯ ಕಾಡುಯುದ್ಧ ಶಾಲೆಯಂಥ ಕಡೆಗಳಲ್ಲಿ ಒಂದೇ ಅಭ್ಯಾಸವನ್ನು ಬೇಸರ ಬರುವಷ್ಟು ಸಲ ಮಾಡಿಸುವುದು ಇದಕ್ಕೇ. ಮನಸ್ಸು ಕೈಕೊಟ್ಟಾಗ ಅಭ್ಯಾಸ ಕೈಹಿಡಿಯಲಿ ಎಂದು.

ಅಮೆರಿಕದ ಸೇನಾ ಬರಹಗಾರ ಎಸ್.ಎಲ್.ಎ. ಮಾರ್ಷಲ್ 1947ರಲ್ಲಿ ಒಂದು ಮಾತು ಹೇಳಿ ಗದ್ದಲ ಎಬ್ಬಿಸಿದ್ದರು. ಎರಡನೇ ಮಹಾಯುದ್ಧದ ಕಾಳಗಗಳಲ್ಲಿ ನಾಲ್ವರಲ್ಲಿ ಒಬ್ಬ ಸೈನಿಕನೂ ಶತ್ರುವಿನ ಮೇಲೆ ಗುಂಡು ಹಾರಿಸುತ್ತಿರಲಿಲ್ಲ ಎಂಬುದು ಅವರ ವಾದ. ಅವರ ಅಂಕಿಗಳ ಆಧಾರವನ್ನು ಮುಂದೆ ಇತಿಹಾಸಕಾರರು ಪ್ರಶ್ನಿಸಿದ್ದಾರೆ, ಆ ಅಂಶವನ್ನು ಮುಚ್ಚಿಡಬಾರದು. ಆದರೂ ಮನುಷ್ಯನನ್ನು ಕೊಲ್ಲುವುದು ಮನುಷ್ಯನಿಗೆ ಸಲೀಸಲ್ಲ ಎಂಬ ಅರಿವಿನಿಂದ ಗುರಿಹಲಗೆಯ ದುಂಡು ವೃತ್ತಗಳು ಮನುಷ್ಯಾಕಾರಕ್ಕೆ ಬದಲಾದವು, ತರಬೇತಿಯ ರೂಪವೇ ಬದಲಾಯಿತು.

ಆದರೆ ಕಾಡಿನ ಕಾಳಗದಲ್ಲಿ ಗುಂಡು ಹಾರುವ ಹೊತ್ತು ತೀರಾ ಕಡಿಮೆ. ಉಳಿದದ್ದೆಲ್ಲ ಕಾಯುವುದು. ಮಳೆ, ಜಿಗಣೆ, ಅರೆನಿದ್ದೆ, ಎಲೆ ಸದ್ದಾದರೆ ಎದ್ದು ಕೂರುವುದು. ಆನೆಯೋ ಮನುಷ್ಯನೋ ಎಂದು ಕ್ಷಣದಲ್ಲಿ ನಿರ್ಧರಿಸುವುದು. ಇಂಥ ಸ್ಥಿತಿ ತಿಂಗಳುಗಟ್ಟಲೆ ಉಳಿದರೆ ಎಚ್ಚರವೇ ರೋಗವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ವೈದ್ಯರಾಗಿದ್ದ ಲಾರ್ಡ್ ಮೋರನ್ 1945ರಲ್ಲಿ ಧೈರ್ಯದ ಕುರಿತು ಬರೆದ ಪುಸ್ತಕದಲ್ಲಿ, ಧೈರ್ಯವೆಂಬುದು ಬ್ಯಾಂಕಿನಲ್ಲಿಟ್ಟ ಹಣ, ಪ್ರತಿ ದಿನದ ಯುದ್ಧಕ್ಕೂ ಅದರಿಂದ ತೆಗೆಯುತ್ತ ಹೋದರೆ ಒಂದು ದಿನ ಬರಿದಾಗುತ್ತದೆ ಎಂಬರ್ಥದ ವಿಚಾರ ಮಂಡಿಸಿದರು. ಅದಕ್ಕೇ ಸೇನೆಗಳು ಸರದಿಯ ಮೇಲೆ ತುಕಡಿಗಳನ್ನು ಹಿಂದಕ್ಕೆ ಕರೆಸಿಕೊಂಡು ವಿಶ್ರಾಂತಿ ಕೊಡುತ್ತವೆ.

ಜತೆಗಾರರ ಬಗ್ಗೆಯೂ ಒಂದು ಮಾತು. 1948ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಿಲ್ಸ್ ಮತ್ತು ಜಾನೊವಿಟ್ಜ್ ಎಂಬ ಸಮಾಜವಿಜ್ಞಾನಿಗಳು ಎರಡನೇ ಮಹಾಯುದ್ಧದಲ್ಲಿ ಸೋಲುತ್ತಿದ್ದ ಜರ್ಮನ್ ಸೇನೆಯ ತುಕಡಿಗಳು ಕೊನೆಯವರೆಗೂ ಏಕೆ ಕಾದಾಡಿದವು ಎಂದು ಶೋಧಿಸಿದರು. ಸಿದ್ಧಾಂತಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಮಲಗುವ, ಜತೆಯಲ್ಲಿ ಉಣ್ಣುವ ನಾಲ್ಕಾರು ಗೆಳೆಯರ ನಂಟು ಅವರನ್ನು ಹಿಡಿದಿಟ್ಟಿತ್ತು. ಆದರೆ ವೀರಪ್ಪನ್ ಬೇಟೆಯ ಕಾರ್ಯಪಡೆಯಲ್ಲಿದ್ದವರು ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ಘಟಕಗಳಿಂದ ನಿಯೋಜನೆಯ ಮೇಲೆ ಬಂದವರು. 1993ರಲ್ಲಿ ಬಂದ ಗಡಿ ಭದ್ರತಾ ಪಡೆಯ ಜವಾನರಿಗೆ ಊರವರ ಮಾತೇ ಅರ್ಥವಾಗುತ್ತಿರಲಿಲ್ಲ. 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ತಮಿಳು, ಸೋಲಿಗರ ನುಡಿ ಒಂದೇ ಸಂತೆಯಲ್ಲಿ ಬೆರೆಯುತ್ತವೆ. ಇಲ್ಲಿ ಮಾತು ಬಾರದವನಿಗೆ ಪ್ರತಿ ಮುಖವೂ ಅನುಮಾನದ ಮುಖವೇ.

ಆ ಅನುಮಾನದ ಭಾರ ಬಿದ್ದದ್ದು ಹಳ್ಳಿಗಳ ಮೇಲೆ. ರಾತ್ರಿ ಬಂದು ಅಕ್ಕಿ ಕೇಳಿದವನಿಗೆ ಇಲ್ಲ ಎಂದರೆ ಅವನು ಕೊಲ್ಲುತ್ತಾನೆ, ಕೊಟ್ಟರೆ ಬೆಳಗ್ಗೆ ಪೊಲೀಸರು ಎಳೆದೊಯ್ಯುತ್ತಾರೆ. ಅತ್ತ ದರಿ ಇತ್ತ ಪುಲಿ. ಮಾಹಿತಿದಾರರೆಂಬ ಶಂಕೆಯ ಮೇಲೆ ವೀರಪ್ಪನ್ ಕೊಂದವರುಂಟು. ಅವನ ಕಡೆಯವರೆಂಬ ಶಂಕೆಯ ಮೇಲೆ ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಸೆರೆಯಲ್ಲಿದ್ದು, 2001ರಲ್ಲಿ ಮೈಸೂರಿನ ನ್ಯಾಯಾಲಯದಿಂದ ಖುಲಾಸೆಯಾದವರೂ ಉಂಟು. ಮಾದಪ್ಪನ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯಲಾಗುತ್ತಿದ್ದ ವಿಚಾರಣಾ ತಾಣದ ಚಿತ್ರಹಿಂಸೆಯ ದೂರುಗಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೆ ಹೋದವು. ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಹಳ್ಳಿಗರ ಹೇಳಿಕೆಗಳನ್ನು ದಾಖಲಿಸಿತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಪೊಲೀಸರ ಭಯವನ್ನು ಅರ್ಥ ಮಾಡಿಕೊಳ್ಳಲು ಹೊರಟರೆ ಅವರ ಕ್ರೌರ್ಯವನ್ನು ಸಮರ್ಥಿಸಿದಂತೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗೆಳೆಯನ ಹೆಣ ಹೊತ್ತು ಬಂದ ಮನುಷ್ಯ, ನಿದ್ದೆಗೆಟ್ಟ ಮನುಷ್ಯ, ಎದುರಾಳಿ ಕಣ್ಣಿಗೆ ಬೀಳದೆ ಕಂಗೆಟ್ಟ ಮನುಷ್ಯ ತನ್ನ ಕೋಪವನ್ನು ಕೈಗೆ ಸಿಕ್ಕವನ ಮೇಲೆ ತೀರಿಸಿಕೊಳ್ಳುವುದು ಯುದ್ಧಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಅದು ಗೊತ್ತಿದ್ದೂ ತಡೆಯುವ ಏರ್ಪಾಡು ಮಾಡದ ಮೇಲಧಿಕಾರಿಗಳ, ಸರ್ಕಾರಗಳ ಹೊಣೆ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ, ಸರಿ ತಪ್ಪಿನ ಪ್ರಜ್ಞೆಗೇ ಬಿದ್ದ ಪೆಟ್ಟಿನಿಂದ ನರಳುವವರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಮಾಡಬಾರದ್ದನ್ನು ಮಾಡಿದವನಿಗೂ, ಕಣ್ಣೆದುರೇ ನಡೆದರೂ ತಡೆಯಲಾಗದೆ ನಿಂತವನಿಗೂ ಆ ನೋವು ತಗಲುತ್ತದೆ. ಬೆಟ್ಟದ ಕ್ಯಾಂಪುಗಳಲ್ಲಿ ಅಂಥ ಪೇದೆಗಳು ಇರಲಿಲ್ಲವೆಂದು ನಂಬುವುದು ಕಷ್ಟ.

ಭಯವನ್ನು ಊರಿಂದ ಊರಿಗೆ, ಕೊನೆಗೆ ಇಡೀ ರಾಜ್ಯಕ್ಕೆ ಹಬ್ಬಿಸುವುದರಲ್ಲಿ ವೀರಪ್ಪನ್ ನಿಸ್ಸೀಮ. 2000ದ ಜುಲೈ 30ರಂದು ಗಾಜನೂರಿನಿಂದ ನಟ ಡಾ. ರಾಜ್‌ಕುಮಾರ್ ಅಪಹರಣವಾದಾಗ 108 ದಿನ ಕರ್ನಾಟಕ ಉಸಿರು ಬಿಗಿಹಿಡಿದಿತ್ತು. ಕಾಡಿನಿಂದ ಬರುತ್ತಿದ್ದ ಅವನ ಬೇಡಿಕೆಗಳ ಕ್ಯಾಸೆಟ್‌ಗಳು ಎರಡು ಸರ್ಕಾರಗಳನ್ನು ಕುಣಿಸಿದವು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಕಾಮಗೆರೆಯ ಮನೆಯಿಂದಲೇ ಅಪಹೃತರಾದರು. ಡಿಸೆಂಬರ್ 8ರಂದು ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು.

ಕೊನೆಗೆ ಅವನು ಬಿದ್ದದ್ದೂ ನಂಬಿಕೆಯ ಬಲೆಯಲ್ಲೇ. ಸಾವಿರಾರು ಜನರ ಕೂಂಬಿಂಗ್ ಸಾಧಿಸದ್ದನ್ನು ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆ ತಾಳ್ಮೆಯಿಂದ ಸಾಧಿಸಿತು. ತಂಡ ಸೊರಗಿತ್ತು, ಅವನ ಕಣ್ಣು ಮಂಜಾಗಿತ್ತು, ಚಿಕಿತ್ಸೆ ಬೇಕಿತ್ತು. ಅವನ ನಂಬಿಕೆ ಗಳಿಸಿದವರ ಮೂಲಕ ಆಂಬುಲೆನ್ಸ್ ಒಂದನ್ನು ಕಳಿಸಿ, 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಅವನನ್ನು ಮುಗಿಸಲಾಯಿತು.

ಪದಕ, ಬಡ್ತಿ, ನಿವೇಶನ, ನಗದು ಬಹುಮಾನಗಳ ಸುದ್ದಿ ಪತ್ರಿಕೆಗಳನ್ನು ತುಂಬಿತು. ನಿದ್ದೆಯಲ್ಲಿ ಬೆಚ್ಚಿ ಏಳುವುದು, ಪಟಾಕಿ ಸದ್ದಿಗೆ ಬೆವರುವುದು, ಮನೆಯವರ ಮೇಲೆ ರೇಗುವುದು, ಕುಡಿತಕ್ಕೆ ಬೀಳುವುದು ಸುದ್ದಿಯಾಗುವುದಿಲ್ಲ. ಆಘಾತದ ನಂತರದ ಈ ಒತ್ತಡವನ್ನು ಅಮೆರಿಕದ ಮನೋವೈದ್ಯರ ಸಂಘ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅಂದರೆ ಮೀಣ್ಯಂ ದಾಳಿಯ ಹೊತ್ತಿಗೆ ವೈದ್ಯಲೋಕಕ್ಕೆ ಅದು ಚೆನ್ನಾಗಿ ತಿಳಿದಿತ್ತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1974ರಿಂದಲೇ ಇತ್ತು. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತ್ತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಮನಸ್ಸಿನ ಬಗೆಗಿನ ಉದಾಸೀನ ಪೇದೆಯ ಆಯ್ಕೆಯಲ್ಲೇ ಶುರುವಾಗುತ್ತದೆ. ಸೇನಾಧಿಕಾರಿಯಾಗಬಯಸುವ ಹುಡುಗನನ್ನು ಬೆಂಗಳೂರಿನ ಕಬ್ಬನ್ ರಸ್ತೆಯ ಆಯ್ಕೆ ಕೇಂದ್ರದಲ್ಲಿ ದಿನಗಟ್ಟಲೆ ಪರೀಕ್ಷಿಸುತ್ತಾರೆ. ಚಿತ್ರ ತೋರಿಸಿ ಕತೆ ಬರೆಸುತ್ತಾರೆ, ಕೊನೆಗೆ ಖಾಲಿ ಹಾಳೆ ತೋರಿಸಿಯೂ ಬರೆಸುತ್ತಾರೆ. 60 ಪದಗಳನ್ನು ತಲಾ 15 ಸೆಕೆಂಡಿನಂತೆ ತೋರಿಸಿ ಮನಸ್ಸಿಗೆ ಹೊಳೆದದ್ದನ್ನು ಬರೆಸುತ್ತಾರೆ. ನಮ್ಮ ಪೊಲೀಸ್ ಪೇದೆಗೆ ಲಿಖಿತ ಪರೀಕ್ಷೆ, ಎತ್ತರ, ಎದೆಯ ಸುತ್ತಳತೆ, ಓಟ, ವೈದ್ಯಕೀಯ ತಪಾಸಣೆ. ಇಬ್ಬರನ್ನೂ ಕಳಿಸುವುದು ಗುಂಡಿನ ಎದುರಿಗೇ.

ಮೀಣ್ಯಂ ದಾಳಿಯ ವರ್ಷ ವಯಸ್ಸು 25 ದಾಟಿದ್ದ ಪೇದೆಗಳಲ್ಲಿ ಬಹುತೇಕರು ಈಗಾಗಲೇ ನಿವೃತ್ತರು, ಉಳಿದವರು ನಿವೃತ್ತಿಯ ಅಂಚಿನಲ್ಲಿದ್ದಾರೆ. ವರ್ಕ್‌ಶಾಪ್ ಕಂಡು ಬಂದ ಹಳ್ಳಿಗರಿಗೂ ವಯಸ್ಸಾಗಿದೆ. ಹನೂರು, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗಳಲ್ಲಿ ಇವರ ಮಾನಸಿಕ ಚಿಕಿತ್ಸೆಗೆಂದೇ ತಿಂಗಳಿಗೊಂದು ದಿನ ಮೀಸಲಿಟ್ಟು, ಪೊಲೀಸ್ ಇಲಾಖೆ ತನ್ನ ನಿವೃತ್ತರನ್ನು, ಆಶಾ ಕಾರ್ಯಕರ್ತೆಯರು ಕಾಡಂಚಿನ ಮನೆಗಳವರನ್ನು ಕರೆತರುವಂತೆ ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ, ಕರೆ ಉಚಿತ. ಸೇನೆಯವರಿಗಾಗಿ ಅದರದೇ ವಿಶೇಷ ಘಟಕವೊಂದು 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಆರಂಭವಾಗಿದೆ. ಕಾಡಿನಲ್ಲಿ ಕಾದಾಡಿದ ಪೊಲೀಸರಿಗೂ, ಆ ಕಾದಾಟದ ನಡುವೆ ಸಿಕ್ಕಿಬಿದ್ದವರಿಗೂ ಅಂಥದ್ದೊಂದು ಘಟಕ ಕರ್ನಾಟಕದಲ್ಲಿ ಆಗಬೇಕು. ಅಲ್ಲಿಯವರೆಗೆ ಕರೆ ಮಾಡಬೇಕಾದ ಸಂಖ್ಯೆ 14416.