ನಾಲ್ಕು ಕೋರಿನ ಹಳೆಯ ಪ್ರೊಸೆಸರ್ : ಕೊಳ್ಳತಕ್ಕದ್ದೋ, ಬಿಡತಕ್ಕದ್ದೋ ?

ಕಮಲಾಪುರದ ನಮ್ಮ ವಾಚಕರಲ್ಲೊಬ್ಬರು, ವೃತ್ತಿಯಿಂದ ಶಿಕ್ಷಕರು, ಕಳೆದ ವಾರ ನಮಗೊಂದು ದೀರ್ಘಪತ್ರವನ್ನು ಬರೆದಿರುವರು. ಅವರ ಮಗನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ವಿದ್ಯಾಭ್ಯಾಸ ಮಾಡುತ್ತಿದ್ದು, ಅವನಿಗೆ ಗಣಕಯಂತ್ರವೊಂದು ಬೇಕಾಗಿದೆ. ಸುಪರ್ ಮಾರ್ಕೆಟಿನ ಅಂಗಡಿಯೊಂದರಲ್ಲಿ ಕೈಬದಲಾದ ಯಂತ್ರವೊಂದನ್ನು ಅವನು ಕಂಡಿರುವನಂತೆ. ಅದರೊಳಗೆ ಇಂಟೆಲ್ ಕಂಪನಿಯ ಕೋರ್ ಐ7-4790ಕೆ ಎಂಬ ಪ್ರೊಸೆಸರ್, 16 ಗಿಗಾಬೈಟ್ ಸ್ಮೃತಿ ಮತ್ತು ಒಂದು ಎಸ್‌ಎಸ್‌ಡಿ ಇರುವವೆಂದೂ, ಅಂಗಡಿಯವರು 16,000 ರೂಪಾಯಿ ಹೇಳುತ್ತಿರುವರೆಂದೂ ತಂದೆಯವರು ತಿಳಿಸಿದ್ದಾರೆ. “ಮಗನು ಇದನ್ನು ರಾಜನೆನ್ನುತ್ತಾನೆ, ಅವನ ಗೆಳೆಯರು ತಿಪ್ಪೆಯ ಸಾಮಾನೆನ್ನುತ್ತಾರೆ, ಹಣ ಕೊಡತಕ್ಕವನು ನಾನು. ತಾವು ನಿರ್ಣಯ ಹೇಳಬೇಕು” ಎಂದು ಅವರ ಅಪೇಕ್ಷೆ.

ಪಾಠಶಾಲೆಯಲ್ಲಿ ಅಮರಕೋಶ ಕಲಿತು ಮೆಟ್ರಿಕ್ಕಿಗೆ ನಿಂತುಬಿಟ್ಟ ನಮಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಕೆಲವರು ಕೇಳಬಹುದು. ಅಧಿಕಾರವಿಷ್ಟೇ : ಇದೇ ಪ್ರೊಸೆಸರ್ 2015ರಿಂದ ನಮ್ಮ ಕಾರ್ಯಾಲಯದಲ್ಲಿ ಪುಟಗಳನ್ನು ಜೋಡಿಸುತ್ತ ಬಂದಿದೆ. ಅದರ ಗುಣವನ್ನೂ ಅವಗುಣವನ್ನೂ ಹತ್ತು ಬೇಸಿಗೆಗಳಲ್ಲಿ ಕಣ್ಣಾರೆ ಕಂಡಿದ್ದೇವೆ.

ಮೊದಲು ವಸ್ತುವಿನ ಪರಿಚಯ. 2014ನೆಯ ಇಸವಿಯ ಜೂನಿನಲ್ಲಿ ಇದು ಹೊರಬಂದಿತು. 177 ಚದರ ಮಿಲಿಮೀಟರಿನಷ್ಟು ಸಿಲಿಕಾನಿನಲ್ಲಿ 140 ಕೋಟಿ ಟ್ರಾನ್ಸಿಸ್ಟರುಗಳನ್ನು ಅಡಕಮಾಡಿದ್ದಾರೆ. ಕೋರುಗಳು ನಾಲ್ಕು, ಒಂದೊಂದು ಕೋರು ಎರಡೆರಡು ಎಳೆಗಳ ಕೆಲಸವನ್ನು ಹಿಡಿಯುವದು. ಮೂಲವೇಗ 4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 400 ಕೋಟಿ ಮಿಡಿತ, ಅವಸರದಲ್ಲಿ 4.4ರ ವರೆಗೆ ತಾನೇ ಏರುವದು. ಇದೇ ಕಂಪನಿಯು 2004ರಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಂ ತರುವೆನೆಂದು ಸಾರಿ ಕೈಬಿಟ್ಟಿತ್ತು. ಆ ಅಂಕಿಯನ್ನು ಮುಟ್ಟಲು ಹತ್ತು ವರ್ಷ ಹಿಡಿಯಿತು. ಹೆಸರಿನ ಕೊನೆಯ ‘ಕೆ’ ಅಕ್ಷರವು ವೇಗದ ಬೀಗವನ್ನು ತೆರೆದಿಟ್ಟಿದ್ದಾರೆಂಬದರ ಗುರುತು. ಉತ್ಸಾಹಿ ತರುಣರು ಮುಗಿಬಿದ್ದದ್ದು ಈ ಒಂದಕ್ಷರಕ್ಕಾಗಿಯೇ. ತಯಾರಕರು ಇದಕ್ಕೆ ‘ಡೆವಿಲ್ಸ್ ಕ್ಯಾನಿಯನ್’, ಅಂದರೆ ಪಿಶಾಚಿಯ ಕಣಿವೆ, ಎಂಬ ಗುಪ್ತನಾಮವನ್ನಿಟ್ಟಿದ್ದರು; ಉಷ್ಣವನ್ನು ಬಲ್ಲವರೇ ಇಟ್ಟ ಹೆಸರೆಂದು ನಮಗೆ ಅನುಭವದಿಂದ ತಿಳಿಯಿತು.

ಇನ್ನು ಮಿಡಿತದ ಅಂಕಿಯನ್ನಷ್ಟೇ ನೋಡಿ ಬೆಲೆ ಕಟ್ಟಬಹುದೇ ? ಕೂಡದು. ಸಿಪ್ಪೆಯ ಬಣ್ಣವೊಂದನ್ನೇ ನೋಡಿ ಕೆಂಪು ಬಾಳೆಯನ್ನು ಕೊಳ್ಳುವವನನ್ನು ಕಂಡರೆ ಕಮಲಾಪುರದವರಿಗೆ ನಗೆ ಬರುವದು. ಅಚ್ಚುಕೂಟದ ದೃಷ್ಟಾಂತವನ್ನು ಕೊಡುವೆವು. ನಾಲ್ಕು ಜನ ಮೊಳೆ ಜೋಡಿಸುವವರಿರುವರೆಂದು ತಿಳಿಯಿರಿ. ಅವರ ಕೈಯ ಚುರುಕೇ ಮಿಡಿತ. ಆದರೆ ಒಬ್ಬನು ‘ಕ’ಕಾರವನ್ನೊಮ್ಮೆ ‘ಷ’ಒತ್ತನ್ನೊಮ್ಮೆ ಎತ್ತುವನು, ಇನ್ನೊಬ್ಬನು ‘ಕ್ಷ’ ಎಂದು ಕೂಡಿಯೇ ಎರೆದ ಮೊಳೆಯನ್ನು ಒಂದೇ ಸಲಕ್ಕೆ ಎತ್ತುವನು. ಕೈಯ ವೇಗ ಒಂದೇ ಇದ್ದರೂ ಎರಡನೆಯವನ ಪುಟ ಮೊದಲು ಮುಗಿಯುವದು. 2022ರಲ್ಲಿ ಬಂದ ಕೋರ್ ಐ3-12100 ಇಂಥ ಎರಡನೆಯವನು. ಅದಕ್ಕೂ ಕೋರು ನಾಲ್ಕೇ, ಎಳೆ ಎಂಟೇ, ಮಿಡಿತವು 4.3ಕ್ಕೆ ನಿಲ್ಲುವದರಿಂದ ಅಂಕಿಯಲ್ಲಿ ನಮ್ಮ ಹಳೆಯದಕ್ಕಿಂತ ಒಂದು ಕೂದಲೆಳೆ ಕಡಿಮೆ. ಕೆಲಸದಲ್ಲಿ ಮಾತ್ರ ಸ್ಪಷ್ಟವಾಗಿ ಮುಂದು. ಹಳೆಯದಕ್ಕೆ 88 ವಾಟಿನ ಗುರುತು ಹಾಕಿದ್ದರೆ ಇದಕ್ಕೆ 60. ಅಂದು ಆ ಕಂಪನಿಯ ಸಾಮಾನ್ಯ ಮೇಜುಯಂತ್ರಗಳಿಗೆ ಮುಕುಟಪ್ರಾಯವಾಗಿದ್ದದ್ದನ್ನು ಇಂದು ಕೆಳಮೆಟ್ಟಿಲಿನದು ಹಿಂದೆ ಹಾಕಿದೆ.

ಹಾಗಾದರೆ ಹಳೆಯದು ತಿಪ್ಪೆಯ ಸಾಮಾನೇ ? ಅದೂ ಅಲ್ಲ. ಪುಟಜೋಡಣೆ, ಲೆಕ್ಕಪತ್ರ, ಪ್ರೋಗ್ರಾಂ ಬರೆಯುವದು, ಇವೆಲ್ಲ ಬಹುಮಟ್ಟಿಗೆ ಒಬ್ಬನ ಕೈಯಿಂದ ಸಾಲಾಗಿ ನಡೆಯತಕ್ಕ ಕೆಲಸಗಳು. ಹದಿನಾರು ಜನರನ್ನು ಕೂಡಿಸಿದರೂ ಮೊಳೆ ಜೋಡಿಸುವ ಮೊದಲು ಕರಡು ತಿದ್ದಲಾಗದು. ಇಂಥಲ್ಲಿ ಹೆಚ್ಚಿನ ಮಿಡಿತದ ನಾಲ್ಕು ಕೋರು ಇಂದಿಗೂ ಬಳಲುವದಿಲ್ಲ. ಚಲಚ್ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಉದ್ಯೋಗವಿದ್ದರೆ ಇದನ್ನು ಕೊಳ್ಳುವದು ಬೇಡ; ಅಲ್ಲಿ ಕೈಗಳ ಸಂಖ್ಯೆಯೇ ಮುಖ್ಯ.

ಈಗ ನಾವು ವಿಸ್ತರಿಸಿ ಹೇಳಬೇಕಾದ ಸಂಗತಿಗೆ ಬರುವೆವು. ಈ ಪ್ರೊಸೆಸರನ್ನು ಕುರಿತು ಪರದೇಶದ ಪರೀಕ್ಷಕರು ಬರೆದ ಪ್ರಶಂಸೆಗಳನ್ನು ನಮ್ಮ ತರುಣರು ಬಾಯಿಪಾಠ ಮಾಡಿರುವರು. 4.7ಕ್ಕೆ ಏರಿಸಿದರೂ ಉಷ್ಣವು ಸಹ್ಯವಾಗಿಯೇ ಇರುವದೆಂದು ಅವರ ವಾದ. ಸತ್ಯವೇ ಇರಬಹುದು, ಆದರೆ ಆ ಪರೀಕ್ಷೆಗಳು ಸಾಮಾನ್ಯವಾಗಿ ಸೆಂಟಿಗ್ರೇಡ್ 21-22 ಅಂಶದ ಕೋಣೆಗಳಲ್ಲಿ ನಡೆದವು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನವನ್ನು ಆ ಪರೀಕ್ಷಕರು ಕಂಡವರಲ್ಲ. ಫಂಖೆಯು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಗಾಳಿಗಿಂತ ಇಷ್ಟು ಅಂಶ ಮೇಲೆ ಎಂಬಲ್ಲಿ ಅದನ್ನು ಹಿಡಿದು ನಿಲ್ಲಿಸುವದು, ಅಷ್ಟೇ. ನಮ್ಮ ಕಾರ್ಯಾಲಯದ ಯಂತ್ರದಲ್ಲಿ ಪೂರ್ಣ ಕೆಲಸ ಕೊಟ್ಟು ನೋಡಿದಾಗ, ಕೋಣೆ 24 ಅಂಶವಿದ್ದ ಮಾಗಿಯ ಬೆಳಿಗ್ಗೆ 72 ತೋರಿಸಿತು; ಕೋಣೆ 40 ಇದ್ದ ಬೇಸಿಗೆಯಲ್ಲಿ 88. ಎರಡೂ ಸಲ ಅಂತರವು 48 ಅಂಶ. ಒಳಗಿನ ಉಷ್ಣವು 100 ಅಂಶ ಮುಟ್ಟಿದರೆ ಪ್ರೊಸೆಸರ್ ತನ್ನ ಪ್ರಾಣರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುವದು.

ಅದನ್ನೀಗ 4.4ರಿಂದ 4.7ಕ್ಕೆ ಏರಿಸಿರೆಂದು ಇಟ್ಟುಕೊಳ್ಳಿರಿ. ವೇಗದ ಲಾಭ ನೂರಕ್ಕೆ ಏಳು. ಅದಕ್ಕಾಗಿ ವಿದ್ಯುತ್ತಿನ ಒತ್ತಡವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಬೇಕಾಯಿತೆನ್ನೋಣ. ಉಷ್ಣವು ಒತ್ತಡದ ವರ್ಗಕ್ಕೂ ವೇಗಕ್ಕೂ ಅನುಸರಿಸಿ ಬೆಳೆಯುವದಾದ್ದರಿಂದ ಅದು ನೂರಕ್ಕೆ ಸುಮಾರು ಮೂವತ್ತರಷ್ಟು ಹೆಚ್ಚುವದು. ನಮ್ಮ 48 ಅಂಶದ ಅಂತರವು 62 ಆಯಿತು. ಪರದೇಶದ 21 ಅಂಶದ ಕೋಣೆಯಲ್ಲಿ 83, ಸಂತೋಷ. ಕಲಬುರಗಿಯ 40 ಅಂಶದ ಕೋಣೆಯಲ್ಲಿ 102. ಅಂದರೆ ಏರಿಸಿದ ವೇಗವನ್ನು ಯಂತ್ರವೇ ಇಳಿಸಿಬಿಡುವದು. ಹಣ ಕೊಟ್ಟು ಕೊಂಡ ಆ ‘ಕೆ’ ಅಕ್ಷರವು ನಮ್ಮೂರಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ನಿಷ್ಪ್ರಯೋಜಕವೆಂದಂತಾಯಿತು.

ಇದು ಬರಿಯ ಗಣಿತವಲ್ಲ. 2018ರ ಮೇ 15ರಂದು, ವಿಧಾನಸಭಾ ಚುನಾವಣೆಯ ಫಲಿತಾಂಶಗಳು ಬರುತ್ತಿದ್ದ ದಿವಸವೇ, ನಮ್ಮ ಯಂತ್ರವು ಮಧ್ಯಾಹ್ನ ಕುಂಟುತ್ತ ಸಾಗಿ ಸಂಜೆಗೆ ಪೂರ್ತಿ ನಿಂತುಹೋಯಿತು. ನಮ್ಮಲ್ಲಿದ್ದ ಉತ್ಸಾಹಿ ತರುಣನೊಬ್ಬನು ನಮಗೆ ತಿಳಿಸದೆ ವೇಗ ಏರಿಸಿಟ್ಟಿದ್ದನು. ಬಿಚ್ಚಿ ನೋಡಿದರೆ ಫಂಖೆಯ ರೆಕ್ಕೆಗಳ ನಡುವೆ ಎರೆಮಣ್ಣಿನ ಧೂಳೂ ಬೇಳೆ ಗಿರಣಿಗಳ ಹೊಟ್ಟೂ ಕೂಡಿ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಪ್ರೊಸೆಸರಿಗೂ ಲೋಹದ ಪೀಠಕ್ಕೂ ನಡುವೆ ಹಚ್ಚುವ ಲೇಪವು ಒಣಸುಣ್ಣದಂತೆ ಉದುರುತ್ತಿತ್ತು. ಪತ್ರಿಕೆ ಆ ರಾತ್ರಿ ಎರಡು ತಾಸು ತಡವಾಗಿ ಹೊರಟಿತು. ತರುಣನನ್ನು ಗದರಿಸಿದೆವು, ಮೂರು ವರ್ಷ ಧೂಳು ಒರೆಸದಿದ್ದವರು ನಾವೇ ಎಂಬದನ್ನು ಮಾತ್ರ ಆಗ ಹೇಳಲಿಲ್ಲ. ಹೊಸ ಲೇಪ ಹಚ್ಚಿ, ತಯಾರಕರು ಕೊಟ್ಟ ವೇಗಕ್ಕೇ ತಂದು ನಿಲ್ಲಿಸಿದಂದಿನಿಂದ ಇಂದಿನ ವರೆಗೆ ಅದು ಒಮ್ಮೆಯೂ ಮೊಂಡುಹಿಡಿದಿಲ್ಲ.

ಯಂತ್ರಕ್ಕೆ ವಯಸ್ಸಾದದ್ದಕ್ಕಿಂತ ದೊಡ್ಡ ಬಾಧೆಯೊಂದು ಬೇರೆ ದಿಕ್ಕಿನಿಂದ ಬಂದಿದೆ. ಮೈಕ್ರೋಸಾಫ್ಟ್ ಕಂಪನಿಯು 2021ರಲ್ಲಿ ವಿಂಡೋಸ್ 11ನ್ನು ಹೊರಡಿಸುವಾಗ ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ಕೆಲವೇ ಅಪವಾದಗಳ ಹೊರತು ಪಂಕ್ತಿಯಿಂದ ಎಬ್ಬಿಸಿತು. ನಮ್ಮದು ನಾಲ್ಕನೆಯ ಪೀಳಿಗೆಯದು. ಹಳೆಯ ವಿಂಡೋಸ್ 10ರ ಪೋಷಣೆಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗೃಹಬಳಕೆದಾರರಿಗೆ ರಕ್ಷಣೆಯ ತಿದ್ದುಪಾಡುಗಳನ್ನಷ್ಟೇ ಒಂದು ವರ್ಷದ ಮಟ್ಟಿಗೆ ಮುಂದುವರಿಸಿದರು. ಕೆಲಸ ಮಾಡಬಲ್ಲ ಯಂತ್ರವನ್ನು ಸಮುದ್ರದಾಚೆ ಕುಳಿತವರ ಒಂದು ಹುಕುಮು ನಿರುಪಯೋಗಿಯೆಂದು ಜಾಹೀರುಮಾಡಿದ್ದನ್ನು ನಾವು ತಲೆಬಾಗಿ ಒಪ್ಪಬೇಕೇ ? ನ್ಯಾಯವಾಗಿ ಹೇಳುವದಾದರೆ ಅವರ ಕಡೆಗೂ ಸ್ವಲ್ಪ ಕಾರಣವಿದೆ : 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಈ ಪೀಳಿಗೆಯಲ್ಲಿಯೂ ಇದ್ದು, ಅವಕ್ಕೆ ಹಾಕಿದ ತೇಪೆಗಳಿಂದ ವೇಗವೂ ಅಲ್ಪಸ್ವಲ್ಪ ಕುಗ್ಗಿದೆ. ಆದರೂ ತೇಪೆ ಹಾಕಿದ ಅಂಗಿಯನ್ನು ಒಲೆಗೆಸೆಯುವ ಸಂಪ್ರದಾಯ ನಮ್ಮದಲ್ಲ.

ಮಾರ್ಗವಿದೆ. ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯು ಈ ಯಂತ್ರದಲ್ಲಿ ಲೀಲಾಜಾಲವಾಗಿ ನಡೆಯುವದು. ಇಂಜಿನಿಯರಿಂಗ್ ಕಲಿಯುವ ಹುಡುಗನು ಅದನ್ನು ಹೇಗೂ ಕಲಿಯಲೇಬೇಕು. ತೊಡಕಿರುವದು ನಮ್ಮಂಥ ಅಚ್ಚುಕೂಟದವರಿಗೂ ಕಚೇರಿಗಳವರಿಗೂ. ನುಡಿ, ಬರಹ ಮುಂತಾದವು ವಿಂಡೋಸಿಗಾಗಿ ರಚಿತವಾದವು; ಅವುಗಳ ಹಳೆಯ ಫಾಂಟುಗಳಲ್ಲಿ ಕೂಡಿಸಿಟ್ಟ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸದ ಹೊರತು ಬೇರೆಡೆ ಅವು ಓದಲು ಬರುವದಿಲ್ಲ. ಕನ್ನಡವು 1991ರಲ್ಲಿಯೇ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಸ್ಥಾನ ಪಡೆದಿತ್ತು, ಆಲಸ್ಯವೆಲ್ಲ ನಮ್ಮದು. ಇಂಥ ಯಂತ್ರಗಳನ್ನು ರದ್ದಿಯ ಪಟ್ಟಿಗೆ ಬರೆಯಲು ಲೇಖಣಿ ಹಿಡಿದಿರುವ ಅಧಿಕಾರಿಗಳು ಈ ಪರಿವರ್ತನೆಯನ್ನು ಮಾಡಿಸಿ, ಲಿನಕ್ಸ್ ಹಾಕಿಸಿ, ತಾಲೂಕಿನ ಶಾಲೆಗಳಿಗೆ ಅವನ್ನು ಕಳಿಸುವದು ಸಾಧ್ಯವೇ ಎಂದು ವಿಚಾರಿಸಬೇಕೆಂದು ವಿನಂತಿಸುತ್ತೇವೆ. ಬೆಂಗಳೂರಿನ ಇಂಜಿನಿಯರರು ಇಂಟೆಲಿಗಾಗಿ ಆರು ಕೋರಿನ ಕ್ಸಿಯಾನ್ 7400ನ್ನು 2008ರಷ್ಟು ಹಿಂದೆಯೇ ರಚಿಸಿಕೊಟ್ಟರು. ಮದ್ರಾಸಿನ ಐಐಟಿಯ ‘ಶಕ್ತಿ’, ಸಿ-ಡ್ಯಾಕಿನ ‘ವೇಗ’ ಪ್ರೊಸೆಸರುಗಳೂ ಇವೆ. ಆದರೂ ಮೇಜಿನ ಮೇಲಿನ ಗಣಕಕ್ಕೆ ನಾವು ಇನ್ನೂ ಹೊರಗಿನವರನ್ನೇ ನೆಚ್ಚಿರುವಾಗ, ಒಮ್ಮೆ ಹೊರಗೆ ಹೋದ ಹಣಕ್ಕೆ ಪೂರ್ಣ ದುಡಿಮೆ ಪಡೆಯುವದೇ ಸದ್ಯದ ಸ್ವದೇಶೀ ವ್ರತವೆಂದು ನಾವು ತಿಳಿಯುತ್ತೇವೆ.

ಕಮಲಾಪುರದ ಮಹನೀಯರಿಗೆ ನಮ್ಮ ಉತ್ತರ : ಕೊಳ್ಳಬಹುದು, ಆದರೆ ಕೇಳಿದ ಬೆಲೆಗಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಸ್ಮೃತಿಯ ಬೆಲೆ ಬಹಳ ಏರಿತಾದ್ದರಿಂದ ಜೊತೆಗೆ ಬರುವ 16 ಗಿಗಾಬೈಟಿಗೆ ಬೆಲೆಯುಂಟು. ಆದರೆ ಅದು ಡಿಡಿಆರ್3 ಜಾತಿಯದು. ಮುಂದೆ ಹೊಸ ಯಂತ್ರಕ್ಕೆ ಅದನ್ನು ವರ್ಗಾಯಿಸಲು ಬಾರದು. ಪ್ರೊಸೆಸರ್ ಕೆಡುವದು ಅಪರೂಪ, ಮದರ್‌ಬೋರ್ಡು ಕೆಡುವದು ಸಾಮಾನ್ಯ. ಅದು ಕೆಟ್ಟರೆ ಇದಕ್ಕೆ ಹೊಂದುವ ಹೊಸದು ದೊರೆಯುವದು ಕಷ್ಟವೆಂಬದನ್ನು ಬೆಲೆಯಲ್ಲಿ ಮುರಿದುಕೊಳ್ಳಿರಿ. ‘ಕೆ’ ಅಕ್ಷರಕ್ಕಾಗಿ ಒಂದು ಕಾಸನ್ನೂ ಹೆಚ್ಚು ಕೊಡಬೇಡಿರಿ. ಪೆಟ್ಟಿಗೆಯ ಮೇಲಿನ ಚೀಟಿಯನ್ನು ನಂಬದೆ, ಯಂತ್ರವನ್ನು ನಡೆಸಿ ಪರದೆಯ ಮೇಲೆ ಹೆಸರು ಓದಿರಿ. ಮಗನನ್ನು ಬೆಳಗಿನ ತಂಪಿನಲ್ಲಿ ಕಳಿಸದೆ ಮಧ್ಯಾಹ್ನ ಎರಡು ಗಂಟೆಗೆ ಕಳಿಸಿರಿ. ಅಂಗಡಿಯ ಎಸಿಯನ್ನು ನಿಲ್ಲಿಸಲು ಹೇಳಿ, ಒಂದು ತಾಸು ಪೂರ್ಣ ಕೆಲಸ ಕೊಟ್ಟು, ಉಷ್ಣವನ್ನು ಬರೆದುಕೊಂಡು ಬರಲಿ. 90ರೊಳಗೆ ನಿಂತರೆ ಮಾತು ಮುಂದುವರಿಸಿರಿ. 100ಕ್ಕೆ ಮುಟ್ಟಿದರೆ ಮೊದಲು ಲೇಪ ಬದಲಿಸಿ ಮತ್ತೆ ತೋರಿಸಲು ಹೇಳಿರಿ. ಅಂಗಡಿಯವರು ಒಪ್ಪದಿದ್ದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಹುಮನಾಬಾದಿನ ಬಸ್ಸು ಹಿಡಿದು ಊರಿಗೆ ಮರಳಲಿ. ಪರೀಕ್ಷೆಯ ಅಂಕಿಗಳನ್ನು ನಮಗೆ ಬರೆದು ಕಳಿಸಿದರೆ ಸ್ಥಳಾವಕಾಶವಿದ್ದಂತೆ ಇದೇ ಪುಟದಲ್ಲಿ ಪ್ರಕಟಿಸುವೆವು.